ಹೆಸರು, ಊರು, ಕಸುಬು

(ಏಪ್ರಿಲ್ ಕೊನೆಯ ಭಾನುವಾರ ಬಸವನಗುಡಿಯ ಒಂದು ಪುಟ್ಟ ಸಭಾಂಗಣದಲ್ಲಿ ಆಡಿದ ಮಾತಿನ ಬರಹ ರೂಪ. ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಮೈಕ್ ಇಲ್ಲದೆ ಕೂಗಿ ಹೇಳಿದ್ದನ್ನು ಇಲ್ಲಿ ಮೆತ್ತಗೆ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಎಷ್ಟು ಜನ ಬೇಗೂರಿನ ನಾಗೇಶ್ವರ ದೇವಸ್ಥಾನ ನೋಡಿದ್ದೀರಿ? ಕೈ ಎತ್ತಿ. ಐದು, ಆರು... ಪರವಾಗಿಲ್ಲ. ಹೊಸೂರು ರಸ್ತೆಯ ಟ್ರಾಫಿಕ್ ನೆನೆಸಿಕೊಂಡರೆ ಇದೇ ಜಾಸ್ತಿ.

ಅಲ್ಲೊಂದು ಶಾಸನವಿದೆ. ಸುಮಾರು ಕ್ರಿ.ಶ. 890ರ ಹೊತ್ತಿನದು. ನಮ್ಮ ಊರಿನ ಹೆಸರು ಬರಹದಲ್ಲಿ ಮೊದಲು ಕಾಣಿಸುವುದು ಆ ಕಲ್ಲಿನ ಮೇಲೆ. ಅಜ್ಜಿ ಕಾಳು ಬೇಯಿಸಿ ರಾಜನಿಗೆ ಕೊಟ್ಟಳು, ಅದಕ್ಕೆ ಬೆಂದಕಾಳೂರು ಅಂತ ಕಥೆ ಹೇಳುತ್ತೇವಲ್ಲ, ಆ ಕಥೆಯ ರಾಜನಿಗಿಂತ ಇನ್ನೂರು ವರ್ಷಕ್ಕೂ ಹಿಂದಿನ ಕಲ್ಲು ಇದು. ಅದರಲ್ಲಿ ಅಜ್ಜಿಯೂ ಇಲ್ಲ, ಕಾಳೂ ಇಲ್ಲ. ಇರುವುದು ಕಾಳಗ. ಬೆಂಗಳೂರಿನಲ್ಲಿ ಒಂದು ಕಾಳಗ ನಡೆಯಿತು, ಅದರಲ್ಲಿ ನಾಗತ್ತರನೆಂಬ ಗಂಗರ ಅಧಿಕಾರಿಯ ಮನೆಯ ಕಡೆಯವರು ಸತ್ತರು ಅಂತ ಬರೆದಿದೆ. ಅಂದರೆ ಈ ಊರಿನ ಹೆಸರನ್ನು ಮೊದಲು ಕಲ್ಲಿಗೆ ಇಳಿಸಿದ್ದು ಯುದ್ಧದಲ್ಲಿ ಸತ್ತವರನ್ನು ನೆನಪಿಡಲಿಕ್ಕೆ. ಊರಿನ ಹೆಸರು ಉಳಿದದ್ದು ಅವರ ಬೆನ್ನೇರಿ.

ನಮ್ಮ ನಾಡಿನ ತುಂಬ ವೀರಗಲ್ಲುಗಳಿವೆ. ಕೆಳಗೆ ಕಾದಾಟ, ಮಧ್ಯೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗದಲ್ಲಿ ಲಿಂಗದ ಮುಂದೆ ಕೂತದ್ದು. ಬರಹವಿದ್ದರೆ ಇಂಥವನು, ಇಂಥ ಊರಿನವನು, ದನ ಬಿಡಿಸಲು ಹೋಗಿ ಸತ್ತ ಎಂದಿರುತ್ತದೆ. ಹೆಸರು, ಊರು, ಕಾರಣ. ಮೂರು ಸಾಲಿನಲ್ಲಿ ಮುಗಿಯಿತು.

ಈಗ ಸಾವಿರ ವರ್ಷ ಈಚೆಗೆ ಬನ್ನಿ. ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರ ನಮ್ಮ ದೇಶದ ಎಷ್ಟೋ ಹಳ್ಳಿಗಳಲ್ಲಿ ಒಂದು ಕಲ್ಲು ಹಾಕಿಸಿತು. ಈ ಊರಿನಿಂದ ಇಷ್ಟು ಜನ ಯುದ್ಧಕ್ಕೆ ಹೋದರು, ಅವರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು. ಅಷ್ಟೇ. ಹೆಸರಿಲ್ಲ, ಬರೀ ಸಂಖ್ಯೆ. ಇರಾಕಿನ ಬಸ್ರಾದ ದೊಡ್ಡ ಸ್ಮಾರಕದಲ್ಲೂ ಹೀಗೇ ಮಾಡಿದರು. ಬ್ರಿಟಿಷ್ ಸೈನಿಕರ ಹೆಸರು ಕೆತ್ತಿದರು, ಭಾರತೀಯ ಅಧಿಕಾರಿಗಳ ಹೆಸರೂ ಕೆತ್ತಿದರು. ನಮ್ಮ ಸಾಮಾನ್ಯ ಸಿಪಾಯಿಗಳ ಜಾಗದಲ್ಲಿ ರೆಜಿಮೆಂಟಿನ ಹೆಸರು, ಪಕ್ಕದಲ್ಲಿ ಒಂದು ಅಂಕಿ. ಇದು ತಪ್ಪಾಯಿತು ಎಂದು ಇಂಥ ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್ವೆಲ್ತ್ ಯುದ್ಧ ಸಮಾಧಿಗಳ ಆಯೋಗದವರು ಒಪ್ಪಿಕೊಂಡು ಕ್ಷಮೆ ಕೇಳಿದ್ದು 2021ರಲ್ಲಿ. ನೂರು ವರ್ಷ ಬೇಕಾಯಿತು. ಬೇಗೂರಿನ ಕಲ್ಲುಕುಟಿಗನಿಗೆ ಇದ್ದ ಬುದ್ಧಿ ಅವರಿಗಿರಲಿಲ್ಲವಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಅದೇ ಯುದ್ಧದಲ್ಲಿ, ಅದೇ ಬ್ರಿಟಿಷ್ ಸಾಮ್ರಾಜ್ಯದ ಇನ್ನೊಂದು ಮೂಲೆಯಿಂದ ಬಂದ ಒಬ್ಬ ಪತ್ರಕರ್ತ ಬೇರೆ ರೀತಿ ಯೋಚಿಸಿದ. ಇವತ್ತು ಅವನ ಕಥೆ ಹೇಳಬೇಕು ಅಂತ ಬಂದೆ. ಚಾರ್ಲ್ಸ್ ಬೀನ್. ಹೌದು, ಹುರುಳಿಕಾಯಿಯ ಬೀನ್ ಅನ್ನುವ ಬೀನೇ. ಬೆಂದಕಾಳೂರಿನವರು ನಗಬೇಡಿ.

ಹುಟ್ಟಿದ್ದು 1879ರಲ್ಲಿ, ಆಸ್ಟ್ರೇಲಿಯಾದ ಬ್ಯಾತರ್ಸ್ಟ್ ಎಂಬ ಊರಿನಲ್ಲಿ. ಓದಿದ್ದು ಇಂಗ್ಲೆಂಡಿನಲ್ಲಿ. ಕಾನೂನು ಕಲಿತ, ಅದು ಹಿಡಿಸಲಿಲ್ಲ, ಸಿಡ್ನಿಯ ಪತ್ರಿಕೆಗೆ ಸೇರಿದ. ಒಳನಾಡಿನ ಕುರಿ ಸಾಕುವವರು, ಉಣ್ಣೆ ಕತ್ತರಿಸುವವರ ಬಗ್ಗೆ ಬರೆದು ಹೆಸರು ಮಾಡಿದ. 1914ರಲ್ಲಿ ಯುದ್ಧ ಶುರುವಾದಾಗ ಸೈನ್ಯದ ಜೊತೆ ಒಬ್ಬ ಅಧಿಕೃತ ವರದಿಗಾರನನ್ನು ಕಳಿಸಬೇಕಾಯಿತು. ಯಾರು ಹೋಗಬೇಕು ಎನ್ನುವುದಕ್ಕೆ ಪತ್ರಕರ್ತರ ಸಂಘದಲ್ಲಿ ಮತದಾನ ನಡೆಯಿತು. ಬೀನ್ ಗೆದ್ದ, ಅದೂ ಸ್ವಲ್ಪದರಲ್ಲಿ. ಸೋತವನು ಕೀತ್ ಮರ್ಡಾಕ್. ಟಿವಿ, ಪತ್ರಿಕೆಗಳ ದೊರೆ ರೂಪರ್ಟ್ ಮರ್ಡಾಕ್ ಇದ್ದಾರಲ್ಲ, ಅವರ ಅಪ್ಪ.

ಶುರುವಿನಲ್ಲಿ ಸೈನಿಕರಿಗೆ ಬೀನ್ ಕಂಡರೆ ಆಗುತ್ತಿರಲಿಲ್ಲ. ಈಜಿಪ್ಟಿನಲ್ಲಿ ತರಬೇತಿ ನಡೆಯುವಾಗ ಕೆಲವರು ಕೈರೋದಲ್ಲಿ ಕುಡಿದು ಗಲಾಟೆ ಮಾಡಿದರು. ಇವನು ಅದನ್ನೂ ಬರೆದ. ಊರಿನಲ್ಲಿ ಅಪ್ಪ ಅಮ್ಮ ಪತ್ರಿಕೆ ಓದಿದರು. ಸೈನಿಕರು ಉರಿದುಬಿದ್ದರು, ಇವನನ್ನು ಬೈದು ಪದ್ಯ ಕಟ್ಟಿದರು. ವರದಿಗಾರನಾಗಿ ಮೂವತ್ತು ವರ್ಷ ಕೆಲಸ ಮಾಡಿದ ನನಗೆ ಆ ಸಂಕಟ ಚೆನ್ನಾಗಿ ಗೊತ್ತು. ನಿಜ ಬರೆದ ಮಾರನೇ ದಿನ ಅದೇ ಜನರ ಮುಂದೆ ಹೋಗಿ ನಿಲ್ಲಬೇಕಲ್ಲ, ಅದು ಕಷ್ಟದ ಕೆಲಸ.

ಆ ಮುನಿಸು ಕರಗಿದ್ದು ಗಲಿಪೊಲಿಯಲ್ಲಿ. 1915ರ ಏಪ್ರಿಲ್ 25ರ ನಸುಕಿನಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಪಡೆಗಳು ಟರ್ಕಿಯ ಆ ತೀರಕ್ಕೆ ಇಳಿದವು. ಕೆಲವೇ ಗಂಟೆಗಳಲ್ಲಿ ಬೀನ್ ಕೂಡ ಇಳಿದ. ಅವನ ವರದಿಗೆ ಒಪ್ಪಿಗೆ ಸಿಗುವುದು ತಡವಾಗಿ, ಆಸ್ಟ್ರೇಲಿಯಾದವರು ಮೊದಲು ಓದಿದ್ದು ಒಬ್ಬ ಇಂಗ್ಲಿಷ್ ವರದಿಗಾರನ ಅಬ್ಬರದ ಬರಹವನ್ನು. ಬೀನ್ ಬರೆದದ್ದು ಸಪ್ಪೆ ಎಂದು ಸಂಪಾದಕರು ಗೊಣಗುತ್ತಿದ್ದರು. ಸಪ್ಪೆ ಯಾಕೆ ಅಂದರೆ, ಕಣ್ಣಾರೆ ನೋಡದೇ ಇದ್ದದ್ದನ್ನು ಅವನು ಬರೆಯುತ್ತಿರಲಿಲ್ಲ. ಮೇ ತಿಂಗಳಲ್ಲಿ ಕ್ರಿಥಿಯಾ ಎಂಬಲ್ಲಿ ಗುಂಡಿನ ಮಳೆಯ ನಡುವೆ ಹೋಗಿ ಗಾಯಾಳುಗಳನ್ನು ಎಳೆದು ತಂದ. ಸೈನಿಕನಾಗಿದ್ದರೆ ಪದಕ ಸಿಗುತ್ತಿತ್ತು. ಆಗಸ್ಟಿನಲ್ಲಿ ಅವನ ಕಾಲಿಗೇ ಗುಂಡು ಬಿತ್ತು. ಆಸ್ಪತ್ರೆ ಹಡಗಿಗೆ ಹೋಗು ಅಂದರೆ ಒಪ್ಪಲಿಲ್ಲ, ತನ್ನ ಗುಂಡಿಯಲ್ಲೇ ಮಲಗಿ ಬರೆಯುತ್ತಾ ಇದ್ದ. ಆ ಗುಂಡನ್ನು ಕೊನೆಗೂ ತೆಗೆಸಲಿಲ್ಲ. 1968ರಲ್ಲಿ ಸಾಯುವವರೆಗೂ ಕಾಲಿನಲ್ಲೇ ಇತ್ತು.

ಅವನು ಕೆಲಸ ಮಾಡುತ್ತಿದ್ದ ರೀತಿ ಹೇಳುತ್ತೇನೆ, ಇಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳು ಕೂತಿದ್ದಾರೆ. ಹಗಲು ಕಂದಕಗಳಲ್ಲಿ ಓಡಾಟ, ಕೈಯಲ್ಲಿ ಒಂದು ದೂರದರ್ಶಕ. ಜನರಲ್‌ಗಳನ್ನು ಕೇಳುವುದಕ್ಕಿಂತ ಹೆಚ್ಚು ಸಿಪಾಯಿಗಳನ್ನು ಕೇಳುವುದು. ನೀನು ಎಲ್ಲಿದ್ದೆ? ಎಡಕ್ಕೆ ಯಾರಿದ್ದರು? ಎಷ್ಟು ಹೊತ್ತಿಗೆ? ನೀನೇ ನೋಡಿದೆಯಾ, ಯಾರಾದರೂ ಹೇಳಿದ್ದಾ? ಕೇಳುತ್ತಲೇ ಸಣ್ಣ ನಕ್ಷೆ ಗೀಚಿಕೊಳ್ಳುವುದು. ರಾತ್ರಿ ಕೂತು ಎಲ್ಲವನ್ನೂ ನೋಟ್‌ಪುಸ್ತಕಕ್ಕೆ ಇಳಿಸುವುದು, ಕೆಲವು ಸಲ ಬೆಳಗಿನ ಜಾವದವರೆಗೆ. ಅಂಥ ನೋಟ್‌ಪುಸ್ತಕಗಳು 200ಕ್ಕೂ ಹೆಚ್ಚು ಉಳಿದಿವೆ. ಎಷ್ಟೋ ವರ್ಷದ ನಂತರ ಅವುಗಳಿಗೆ ತಾನೇ ಒಂದು ಎಚ್ಚರಿಕೆಯ ಚೀಟಿ ಅಂಟಿಸಿದ. ಇದರಲ್ಲಿರುವುದು ಬರೆಯುವ ಆ ಗಳಿಗೆಯಲ್ಲಿ ನಾನು ನಿಜವೆಂದು ನಂಬಿದ್ದು, ಅಷ್ಟೇ ಎನ್ನುವ ಅರ್ಥದ ಮಾತು. ನನಗೆ ಬೀನ್ ಮೇಲೆ ಪ್ರೀತಿ ಹುಟ್ಟಿದ್ದು ಆ ಚೀಟಿಯಿಂದ. ನಮ್ಮ ಹಳೇ ಕಟಿಂಗ್‌ಗಳಿಗೆ ಹೀಗೆ ಚೀಟಿ ಅಂಟಿಸುತ್ತಾ ಕೂತರೆ ಗೋಂದು ಸಾಲುವುದಿಲ್ಲ.

ಇನ್ನು ಫ್ರೊಮೆಲ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

1916ರ ಜುಲೈ 19. ಉತ್ತರ ಫ್ರಾನ್ಸ್. ಆಸ್ಟ್ರೇಲಿಯಾದ ಒಂದು ಡಿವಿಷನ್ ಸಂಜೆ ಜರ್ಮನ್ ಕಂದಕಗಳ ಮೇಲೆ ನುಗ್ಗಿತು. ಮುಂದಿದ್ದುದು ಬಯಲು, ಎದುರಿಗೆ ಮೆಷಿನ್ ಗನ್. ಬೆಳಗಾಗುವ ಹೊತ್ತಿಗೆ ಸತ್ತವರು, ಗಾಯಗೊಂಡವರು, ಸೆರೆಯಾದವರು ಎಲ್ಲ ಸೇರಿ 5,533 ಜನ. ಒಂದು ರಾತ್ರಿಗೆ. ಆಗ ಆಸ್ಟ್ರೇಲಿಯಾದ ಜನಸಂಖ್ಯೆ ಐವತ್ತು ಲಕ್ಷವೂ ಇರಲಿಲ್ಲ, ಈಗಿನ ಬೆಂಗಳೂರಿನ ಅರ್ಧಕ್ಕಿಂತ ಕಡಿಮೆ. ಮಾರನೇ ದಿನ ಬ್ರಿಟಿಷ್ ಸೇನೆಯ ಪ್ರಕಟಣೆ ಬಂತು. ಕೆಲವು ಮುಖ್ಯ ದಾಳಿಗಳನ್ನು ನಡೆಸಿದೆವು, ಆಸ್ಟ್ರೇಲಿಯಾದವರೂ ಇದ್ದರು, ಸುಮಾರು 140 ಜರ್ಮನ್ನರು ಸೆರೆ ಸಿಕ್ಕರು. ಸತ್ತವರ ಮಾತೇ ಇಲ್ಲ! ಬೀನ್ ತನ್ನ ಡೈರಿಯಲ್ಲಿ ಈ ಸುಳ್ಳಿನ ಮೇಲೆ ಕಿಡಿಕಾರಿದ. ಪತ್ರಿಕೆಗೆ ಕಳಿಸುವ ವರದಿಯ ಮೇಲೆ ಸೆನ್ಸಾರ್ ಕೂತಿದ್ದ. ಡೈರಿಯ ಮೇಲೆ ಯಾರೂ ಕೂತಿರಲಿಲ್ಲ.

ಎರಡು ವರ್ಷ ಕಳೆಯಿತು. 1918ರ ನವೆಂಬರ್ 11, ಯುದ್ಧ ನಿಂತ ದಿನ. ಲಂಡನ್, ಪ್ಯಾರಿಸ್ ಬೀದಿಗಳಲ್ಲಿ ಜನ ಕುಣಿಯುತ್ತಿದ್ದರು. ಅವತ್ತು ಬೀನ್ ಎಲ್ಲಿದ್ದ ಗೊತ್ತಾ? ಫ್ರೊಮೆಲ್ ಬಯಲಿನಲ್ಲಿ. ಯಾರೂ ಎತ್ತದೇ ಬಿಟ್ಟಿದ್ದ ಹೆಣಗಳು ಅಲ್ಲೇ ಮೂಳೆಯಾಗಿದ್ದವು. ಬಟ್ಟೆಯ ಚೂರು, ಚೀಲ, ಬೂಟು ನೋಡಿ ಇವರು ನಮ್ಮವರು ಅಂತ ಗುರುತಿಸಿದ. ಫೋಟೋ ತೆಗೆದುಕೊಂಡ, ಬರೆದುಕೊಂಡ. ಕಥೆ ಅಲ್ಲಿಗೂ ಮುಗಿಯಲಿಲ್ಲ. ಜರ್ಮನ್ನರು ಅಲ್ಲೇ ಒಂದು ತೋಪಿನ ಪಕ್ಕದಲ್ಲಿ ಗುಂಡಿ ತೋಡಿ ಹೂತಿದ್ದ 250 ಜನರ ದೇಹಗಳು 2009ರಲ್ಲಿ ಸಿಕ್ಕವು. ಡಿಎನ್‌ಎ ಪರೀಕ್ಷೆ ಮಾಡಿ, ಮೊಮ್ಮಕ್ಕಳನ್ನು ಮರಿಮಕ್ಕಳನ್ನು ಹುಡುಕಿ, ಒಬ್ಬೊಬ್ಬರಿಗೇ ಹೆಸರು ಕೊಡುತ್ತಾ ಬಂದಿದ್ದಾರೆ.

1919ರಲ್ಲಿ ಬೀನ್ ಮತ್ತೆ ಗಲಿಪೊಲಿಗೆ ಹೋದ. ಜೊತೆಗೆ ಒಬ್ಬ ಚಿತ್ರಕಾರ, ಒಬ್ಬ ಫೋಟೋಗ್ರಾಫರ್, ಇನ್ನು ಕೆಲವರು. ಮೊದಲ ದಿನ ನಮ್ಮ ಹುಡುಗರು ಎಲ್ಲಿಯವರೆಗೆ ಹೋಗಿದ್ದರು ಎನ್ನುವುದು ಅವನ ತಲೆ ಕೊರೆಯುತ್ತಿತ್ತು. ಗುಡ್ಡದ ಮೇಲೆ ಬಿದ್ದಿದ್ದ ಖಾಲಿ ತೋಟಾ, ಮೂಳೆ, ಬಟ್ಟೆ ನೋಡುತ್ತಾ ಹೆಜ್ಜೆ ಹೆಜ್ಜೆ ನಡೆದ. ಆಮೇಲೆ ಅವನು ಮಾಡಿದ್ದು ಇನ್ನೂ ದೊಡ್ಡದು. ಅವತ್ತು ಎದುರಿಗೆ ನಿಂತು ಹೋರಾಡಿದ್ದ ಝೆಕಿ ಬೇ ಎಂಬ ಟರ್ಕಿಯ ಅಧಿಕಾರಿಯನ್ನು ಕರೆಸಿಕೊಂಡು ಅದೇ ಗುಡ್ಡಗಳಲ್ಲಿ ಸುತ್ತಿದ. ಸೈನಿಕರಿಗೆ ಕೇಳುತ್ತಿದ್ದ ಪ್ರಶ್ನೆಗಳನ್ನೇ ಅವರಿಗೂ ಕೇಳಿದ. ನೀವು ಎಲ್ಲಿದ್ದಿರಿ? ಎಷ್ಟು ಹೊತ್ತಿಗೆ? ಗಲಿಪೊಲಿಯಲ್ಲಿ ಸತ್ತ ಆಸ್ಟ್ರೇಲಿಯಾದವರು 8 ಸಾವಿರಕ್ಕೂ ಹೆಚ್ಚು, ಟರ್ಕಿಯವರು 80 ಸಾವಿರಕ್ಕೂ ಹೆಚ್ಚು. ಆ ಕಡೆಯವರನ್ನು ಕೇಳದೆ ಬರೆದಿದ್ದರೆ ಅದು ಅರ್ಧ ಕಥೆಯೂ ಆಗುತ್ತಿರಲಿಲ್ಲ.

ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಬರವಣಿಗೆ. ಸರ್ಕಾರದ ದುಡ್ಡು, ಆದರೆ ನನ್ನ ಪುಟಗಳಿಗೆ ಸೆನ್ಸಾರ್ ಕೈ ಹಾಕಬಾರದು ಎಂಬ ಷರತ್ತು. ಕ್ಯಾನ್‌ಬೆರಾ ಹತ್ತಿರ ಟಗೆರನಾಂಗ್ ಎಂಬಲ್ಲಿ ಒಂದು ಕುರಿ ಫಾರ್ಮಿನ ಮನೆಯಲ್ಲಿ ಕೆಲಸ ಶುರುವಾಯಿತು. ಒಟ್ಟು 12 ಸಂಪುಟ. ಆರನ್ನು ತಾನೇ ಬರೆದ, ಉಳಿದವನ್ನು ಬೇರೆಯವರಿಂದ ಬರೆಸಿದ. ಕೊನೆಯದು ಹೊರಬರುವಾಗ 1942, ಆಗ ಎರಡನೇ ಮಹಾಯುದ್ಧವೇ ನಡೆಯುತ್ತಿತ್ತು!

ನಾನು ಆ ಸಂಪುಟಗಳನ್ನು ಪೂರ್ತಿ ಓದಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಅಡಿಟಿಪ್ಪಣಿಗಳನ್ನು ಓದಿದ್ದೇನೆ, ಕಥೆ ಓದಿದ ಹಾಗೆ. ಪುಟದ ಮೇಲೆ ಒಬ್ಬ ಸಿಪಾಯಿಯ ಹೆಸರು ಬಂದರೆ ಸಾಕು, ಕೆಳಗೆ ಸಣ್ಣ ಅಕ್ಷರದಲ್ಲಿ ಅವನ ಪೂರ್ತಿ ಹೆಸರು, ಕಸುಬು, ಊರು, ಹುಟ್ಟಿದ್ದೆಲ್ಲಿ, ಸತ್ತಿದ್ದರೆ ಯಾವತ್ತು. ಗುಮಾಸ್ತ, ಬಡಗಿ, ರೈತ, ಮೇಷ್ಟ್ರು. ಸಾವಿರಾರು ಜನ. ಜನರಲ್‌ಗೂ ಅಡಿಟಿಪ್ಪಣಿ, ಕೂಲಿಯವನಿಗೂ ಅಡಿಟಿಪ್ಪಣಿ. ಓದುತ್ತಾ ಹೋದರೆ ಒಂದು ಊರೇ ಎದ್ದು ಯುದ್ಧಕ್ಕೆ ನಡೆದ ಹಾಗೆ ಕಾಣುತ್ತದೆ. ಇದು ಬೇಗೂರಿನ ಕಲ್ಲೇ ಅಲ್ವಾ? ಕಲ್ಲಿನ ಬದಲು ಕಾಗದ.

ಸ್ಮಾರಕ ಕಟ್ಟಬೇಕು ಎಂಬ ಆಸೆಯೂ ಅವನದೇ. 1916ರಲ್ಲಿ ಫ್ರಾನ್ಸಿನ ಪೊಝಿಯೆರ್ ಎಂಬ ಹಳ್ಳಿಯ ಸುತ್ತ ಏಳು ವಾರದೊಳಗೆ 23 ಸಾವಿರ ಆಸ್ಟ್ರೇಲಿಯನ್ನರು ಸತ್ತರು ಅಥವಾ ಗಾಯಗೊಂಡರು. ಅದನ್ನು ನೋಡಿದಾಗ ಬಂದ ಯೋಚನೆ. ಕ್ಯಾನ್‌ಬೆರಾದ ಆ ಸ್ಮಾರಕ 1941ರ ನವೆಂಬರ್ 11ರಂದು ತೆರೆಯಿತು. ಮ್ಯೂಸಿಯಂ, ದಾಖಲೆಗಳ ಸಂಗ್ರಹ, ಸತ್ತವರ ಹೆಸರಿನ ಗೋಡೆ, ಮೂರೂ ಒಂದೇ ಸೂರಿನಡಿ. ಗೋಡೆಯ ಮೇಲೆ ಒಂದು ಲಕ್ಷಕ್ಕೂ ಮೀರಿ ಹೆಸರುಗಳಿವೆ, ಯಾವ ಹೆಸರಿಗೂ ಹುದ್ದೆ ಹಾಕಿಲ್ಲ. ಸರ್ಕಾರ ಸರ್ ಪದವಿ ಕೊಡುತ್ತೇವೆ ಅಂದಾಗ ಬೀನ್ ಅದನ್ನೂ ಬೇಡ ಅಂದ.

ದೇವರ ಪಟ ಮಾಡಿ ಹೂ ಹಾಕಬೇಡಿ ಮತ್ತೆ. ಬೀನ್‌ನ ತಪ್ಪುಗಳೂ ಇವೆ. ಗಲಿಪೊಲಿಯ ಕಂದಕಗಳಲ್ಲಿದ್ದ ಸೈನಿಕರಿಂದಲೇ ಪದ್ಯ, ಚಿತ್ರ, ತಮಾಷೆ ಬರೆಸಿ 1916ರಲ್ಲಿ ಒಂದು ಪುಸ್ತಕ ಹೊರತಂದ. ತುಂಬಾ ಮಾರಾಟವಾಯಿತು. ಆದರೆ ಬಂದ ಬರಹಗಳಲ್ಲಿ ಭಯ, ಬೇಸರ, ಕಹಿ ಇದ್ದವನ್ನು ಬದಿಗಿಟ್ಟ ಎಂದು ಮುಂದೆ ಮೂಲ ಕಾಗದಗಳನ್ನು ತೆಗೆದು ನೋಡಿದವರು ತೋರಿಸಿದರು. ಆಸ್ಟ್ರೇಲಿಯಾದ ಸೈನಿಕ ಅಂದರೆ ನಗುತ್ತಾ ಸಾಯುವವನು ಎಂಬ ಚಿತ್ರ ಅಲ್ಲಿಂದಲೂ ಬಂತು. ಇನ್ನೊಂದು ಮೊನಾಶ್ ವಿಷಯ. 1918ರಲ್ಲಿ ಜಾನ್ ಮೊನಾಶ್ ಆಸ್ಟ್ರೇಲಿಯಾದ ಪಡೆಗಳ ಮುಖ್ಯಸ್ಥ ಆಗುವುದನ್ನು ತಪ್ಪಿಸಲು ಬೀನ್, ಮರ್ಡಾಕ್ ಇಬ್ಬರೂ ಒಳಗೊಳಗೇ ಓಡಾಡಿದರು. ಮೊನಾಶ್ ಯಹೂದಿ, ಬೀನ್ ಮನಸ್ಸಿನಲ್ಲಿ ಅದೂ ಇತ್ತು. ಮೊನಾಶ್ ತುಂಬಾ ಒಳ್ಳೆಯ ದಂಡನಾಯಕ ಎಂದು ಸಾಬೀತಾಯಿತು. ತಾನು ಮಾಡಿದ್ದು ತಪ್ಪು ಎಂದು ಬೀನ್ ಮುಂದೆ ಒಪ್ಪಿಕೊಂಡ. ವರದಿಗಾರನ ಕೆಲಸ ಬರೆಯುವುದು, ಸೇನಾಪತಿಯನ್ನು ಆರಿಸುವುದಲ್ಲ. ನಮ್ಮ ಕಾಲದಲ್ಲೂ ಮಂತ್ರಿಮಂಡಲ ಮಾಡಲು ಹೊರಟ ಕೆಲವು ಸ್ನೇಹಿತರು ನನಗೆ ಗೊತ್ತು. ಬಿಡಿ.

ಇದೆಲ್ಲ ಆಸ್ಟ್ರೇಲಿಯಾದ ಕಥೆ, ನಮಗೇನು ಅಂತ ಕೇಳಬಹುದು. ಗಲಿಪೊಲಿಯಲ್ಲಿ ನಮ್ಮವರೂ ಇದ್ದರು, ಸುಮಾರು 15 ಸಾವಿರ ಜನ. ಸಿಖ್ಖರು, ಗೂರ್ಖಾಗಳು, ಬೆಟ್ಟದ ಫಿರಂಗಿ ಎಳೆಯುವವರು, ಹೇಸರಗತ್ತೆಗಳ ಮೇಲೆ ನೀರು ಮದ್ದುಗುಂಡು ಸಾಗಿಸಿದವರು. ಇಡೀ ಯುದ್ಧಕ್ಕೆ ಭಾರತದಿಂದ ಹೋದವರು 13 ಲಕ್ಷದಷ್ಟು, ಸತ್ತವರು 70 ಸಾವಿರಕ್ಕೂ ಹೆಚ್ಚು. ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್, ಈಗಿನ ಇಸ್ರೇಲಿನಲ್ಲಿರುವ ಹೈಫಾ ಊರನ್ನು ಗೆದ್ದ ಕಥೆ ನಿಮಗೆ ಗೊತ್ತಿರುತ್ತದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಸೇರಿ ಭರ್ಜಿ ಹಿಡಿದು ಕುದುರೆ ಮೇಲೆ ಮೆಷಿನ್ ಗನ್ನಿಗೆ ಎದುರು ಹೋದವರು. ದೆಹಲಿಯ ತೀನ್ ಮೂರ್ತಿಯಲ್ಲಿ ಅವರ ಪ್ರತಿಮೆ ಇದೆ. ನಮ್ಮ ಜೆ.ಸಿ. ನಗರದಲ್ಲೂ ಸ್ಮಾರಕ ಇದೆ, ಹೆಸರುಗಳಿವೆ. ಪಕ್ಕದಲ್ಲೇ ಆಟೋ ನಿಲ್ಲಿಸಿಕೊಂಡು ಟೀ ಕುಡಿಯುತ್ತೇವೆ. ಆ ಹೆಸರುಗಳಲ್ಲಿ ಒಬ್ಬನ ಪಕ್ಕದಲ್ಲಿ ಕೂತು, ಹೈಫಾದ ಕಾರ್ಮೆಲ್ ಬೆಟ್ಟ ಹತ್ತುವಾಗ ನಿನ್ನ ಎಡಕ್ಕೆ ಯಾರಿದ್ದರಪ್ಪಾ ಎಂದು ಕೇಳುವ ಬೀನ್ ನಮಗೆ ಇರಲಿಲ್ಲ.

ಹಾಗಂತ ನಮ್ಮವರ ಮಾತು ಪೂರ್ತಿ ಅಳಿಸಿಹೋಗಿಲ್ಲ. ಉಳಿದ ದಾರಿ ನೋಡಿದರೆ ನಗಬೇಕೋ ಅಳಬೇಕೋ ತಿಳಿಯದು. ಫ್ರಾನ್ಸಿನಿಂದ ಸಿಪಾಯಿಗಳು ಮನೆಗೆ ಬರೆದ, ಬರೆಸಿದ ಕಾಗದಗಳನ್ನು ಸೆನ್ಸಾರ್‌ನವರು ಒಡೆದು ಓದುತ್ತಿದ್ದರು. ಅನುಮಾನ ಬಂದದ್ದನ್ನು, ಮುಖ್ಯ ಅನ್ನಿಸಿದ್ದನ್ನು ಇಂಗ್ಲಿಷಿಗೆ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದರು. ಆ ಪ್ರತಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಬೀನ್‌ನ ಕೈ ಕಟ್ಟಿದ್ದ ಸೆನ್ಸಾರೇ ನಮ್ಮ ಸಿಪಾಯಿಯ ಪಾಲಿಗೆ ಗುಮಾಸ್ತನಾದ! ಇನ್ನು ಜರ್ಮನಿಯಲ್ಲಿ ಸೆರೆಯಾದವರು. ಬರ್ಲಿನ್ ಹತ್ತಿರ ವುನ್ಸ್‌ಡಾರ್ಫ್ ಎಂಬಲ್ಲಿ ಕೈದಿಗಳ ಶಿಬಿರ ಇತ್ತು. ಭಾಷೆಗಳ ಅಧ್ಯಯನಕ್ಕೆಂದು ಅಲ್ಲಿನ ವಿದ್ವಾಂಸರು ಕೈದಿಗಳನ್ನು ಗ್ರಾಮೋಫೋನ್ ಕೊಳವೆಯ ಮುಂದೆ ನಿಲ್ಲಿಸಿ ಮಾತಾಡಿಸಿದರು. ಮಾಲ್ ಸಿಂಗ್ ಎಂಬ ಪಂಜಾಬಿ ಸಿಪಾಯಿ 1916ರ ಡಿಸೆಂಬರ್‌ನಲ್ಲಿ ಮಾತಾಡಿದ್ದು ಇವತ್ತಿಗೂ ಕೇಳಬಹುದು. ಹಿಂದೂಸ್ತಾನದಲ್ಲಿ ಬೆಣ್ಣೆ ತಿಂದುಕೊಂಡಿದ್ದ ಒಬ್ಬ ಮನುಷ್ಯ ಈ ಯುದ್ಧಕ್ಕೆ ಬಂದ ಎಂದು ತನ್ನ ಕಥೆಯನ್ನೇ ಬೇರೆಯವನ ಕಥೆಯ ಹಾಗೆ ಹೇಳುತ್ತಾನೆ. ಅವರಿಗೆ ಬೇಕಿದ್ದುದು ಅವನ ಉಚ್ಚಾರಣೆ. ಸಿಕ್ಕಿದ್ದು ಅವನ ಮನೆಯ ಬೆಣ್ಣೆ.

ಈಗ ನನ್ನ ಮಾನ ನಾನೇ ಕಳೆದುಕೊಳ್ಳುತ್ತೇನೆ. ನಮ್ಮ ದೊಡ್ಡಪ್ಪ ಸೇನೆಯ ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಹಲಸೂರು ಕೆರೆ ಪಕ್ಕದ ಸೆಂಟರ್‌ನಲ್ಲಿ ತರಬೇತಿಯಾಗಿ, 1971ರ ಪಾಕಿಸ್ತಾನದ ಯುದ್ಧದಲ್ಲಿ ಬಸಂತರ್ ನದಿಯ ಕಡೆ ಇದ್ದವರು. ಟ್ಯಾಂಕುಗಳು ಹೋಗಲು ನೆಲದಲ್ಲಿ ಹೂತಿಟ್ಟ ಸಿಡಿಮದ್ದಿನ ಮೈನು ತೆಗೆದು ದಾರಿ ಮಾಡುವ ಕೆಲಸ. ಹವಾಲ್ದಾರ್ ಆಗಿ ನಿವೃತ್ತರಾಗಿ ಮಾಲೂರು ಹತ್ತಿರದ ನಮ್ಮ ಊರಿನಲ್ಲಿ ರಾಗಿ ಬೆಳೆಯುತ್ತಿದ್ದರು. ನಾನು ಆಗ ಹೊಸ ವರದಿಗಾರ, ಟೇಪ್ ರೆಕಾರ್ಡರ್ ಕೊಂಡ ಹುರುಪು. ಒಂದು ಯುಗಾದಿಗೆ ಕೂರಿಸಿಕೊಂಡು ಒಂದು ಕ್ಯಾಸೆಟ್ ಪೂರ್ತಿ ಮಾತಾಡಿಸಿದೆ. ಆಮೇಲೆ ಬರೆದರಾಯಿತು ಅಂತ ಇಟ್ಟೆ. ಒಂದು ದಿನ ಖಾಲಿ ಕ್ಯಾಸೆಟ್ ಸಿಗಲಿಲ್ಲ ಅಂತ ಅದರ ಮೇಲೆ ರೇಡಿಯೋದ ಚಿತ್ರಗೀತೆ ಹಿಡಿದುಕೊಂಡೆ. ನಾನೇ, ಬೇರೆ ಯಾರೂ ಅಲ್ಲ. ಹಾಡುಗಳು ಮುಗಿದ ಮೇಲೆ ಕೊನೆಗೆ ಕೆಲವು ಸೆಕೆಂಡ್ ದೊಡ್ಡಪ್ಪನ ದನಿ ಉಳಿದಿದೆ. "ಸಾಕು ಆರಿಸೋ, ಊಟಕ್ಕೆ ಕರೀತಾವ್ರೆ." ಅಷ್ಟೇ. ಬಸಂತರ್ ಇಲ್ಲ.

ಸರ್ಕಾರದ ಕಡೆಯ ಮಾತು ಬೇಗ ಮುಗಿಸುತ್ತೇನೆ. ಯುದ್ಧಗಳ ದಾಖಲೆಯನ್ನು ಸಾಮಾನ್ಯವಾಗಿ 25 ವರ್ಷದೊಳಗೆ ಬಿಡುಗಡೆ ಮಾಡಬೇಕು, ಐದು ವರ್ಷದೊಳಗೆ ಇತಿಹಾಸ ಬರೆಸಬೇಕು ಎಂಬ ನೀತಿಯನ್ನು ನಮ್ಮ ರಕ್ಷಣಾ ಇಲಾಖೆ ಒಪ್ಪಿದ್ದು 2021ರಲ್ಲಿ. 1962ರ ಸೋಲಿನ ಬಗ್ಗೆ ಸೇನೆಯೇ ಮಾಡಿಸಿದ ವಿಚಾರಣೆಯ ವರದಿ ಐವತ್ತು ವರ್ಷ ದಾಟಿದರೂ ಅಧಿಕೃತವಾಗಿ ಬೀರುವಿನಿಂದ ಹೊರಬರಲಿಲ್ಲ. ಅರಮನೆ ರಸ್ತೆಯ ಕಡೆ, ತಾರಾಲಯದ ಹತ್ತಿರ ಇರುವ ಸೈನಿಕ ಸ್ಮಾರಕಕ್ಕೆ ಒಮ್ಮೆ ಹೋಗಿ. ದೊಡ್ಡದೊಂದು ವೀರಗಲ್ಲು ನಿಲ್ಲಿಸಿದ್ದಾರೆ, ಸ್ವಾತಂತ್ರ್ಯದ ನಂತರ ಸತ್ತ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸೈನಿಕರ ಹೆಸರು ಕೆತ್ತಿದ್ದಾರೆ. ಸಂಖ್ಯೆಯಿಂದ ಮತ್ತೆ ಹೆಸರಿಗೆ ಬಂದಿದ್ದೇವೆ, ಸಂತೋಷ. ಅಡಿಟಿಪ್ಪಣಿ ಇನ್ನೂ ಬಾಕಿ. ಅದಕ್ಕೆ ಸರ್ಕಾರ ಬೇಕಿಲ್ಲ. ನಿಮ್ಮ ಬೀದಿಯ ಕೊನೆಯ ಮನೆಯ ಮಾಜಿ ಸುಬೇದಾರ್, ನಿಮ್ಮ ಫೋನು, ಒಂದು ಮಧ್ಯಾಹ್ನ. ಶೌರ್ಯದ ಕಥೆ ಹೇಳಿ ಅನ್ನಬೇಡಿ, ಸಿನಿಮಾ ಹೇಳಿಬಿಡುತ್ತಾರೆ. ಅವತ್ತು ಊಟ ಏನಿತ್ತು ಅಂತ ಶುರು ಮಾಡಿ.

ಮಾತು ಇಷ್ಟಕ್ಕೆ ಮುಗಿದಿತ್ತು. ಪ್ರಶ್ನೆಗಳ ಹೊತ್ತಿನಲ್ಲಿ ಹಿಂದಿನ ಸಾಲಿನಿಂದ ಒಬ್ಬ ಹೆಣ್ಣುಮಗಳು ಎದ್ದು ಕೇಳಿದರು: "ಸರ್, ನಿಮ್ಮ ದೊಡ್ಡಮ್ಮ ಇದ್ದಾರಾ?"

ಇದ್ದಾರೆ, ಕೆ.ಆರ್. ಪುರದಲ್ಲಿ ಮಗನ ಮನೆಯಲ್ಲಿ ಅಂದೆ.

"ಅವರನ್ನ ಏನಾದ್ರೂ ಕೇಳಿದ್ದೀರಾ?"

ಇಲ್ಲ ಅಂದೆ. ಸಭೆ ನಕ್ಕಿತು. ನಾನೂ ನಗಬೇಕಾಯಿತು.

ಮುಂದಿನ ಭಾನುವಾರ ಹೋದೆ. ದೊಡ್ಡಮ್ಮನಿಗೆ ಈಗ ಕಿವಿ ಮಂದ, ನೆನಪು ಚುರುಕು. ಯುದ್ಧದ ಬಗ್ಗೆ ಏನಾದರೂ ಹೇಳುತ್ತಿದ್ದರಾ ಎಂದು ಕೂಗಿ ಕೇಳಿದೆ. ಏನೂ ಹೇಳ್ತಿರಲಿಲ್ಲ ಅಂದರು. ಅವರೆಕಾಯಿ ಸುಲಿಯುತ್ತಾ ಸುಮ್ನೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ತಾವಾಗಿಯೇ ಹೇಳಿದರು: "ಹೊಲಕ್ಕೆ ಹೋದ್ರೆ ಮುಂದೆ ಮುಂದೆ ಕೋಲಲ್ಲಿ ನೆಲ ಚುಚ್ಚಿ ನೋಡ್ಕೊಂಡೇ ಕಾಲಿಡೋರು ಕಣೋ. ಉತ್ತ ಹೊಲದಾಗೂ ಅಷ್ಟೆ. ನಾವೆಲ್ಲ ಹಾವಿಗೆ ಅಂದ್ಕೊಂಡಿದ್ವಿ."